ಸೂಲಗಿತ್ತಿ ಸಹಿ ಹಾಕಲಿಲ್ಲ

ಕಾಗದ ಎರಡು ಪುಟದ್ದು. ಎರಡನೆಯ ಪುಟದ ಕೆಳಗೆ ಪೆನ್ಸಿಲಿನಲ್ಲಿ ಒಂದು ಗುರುತು. ಅಲ್ಲಿ ಸಹಿ ಹಾಕಿದರೆ ಮುಗಿಯಿತು ಎಂದ ವಿಮೆ ಕಂಪನಿಯ ಆಫೀಸರ್.

"ಏನು ಮುಗೀತು?" ಎಂದಳು ಸೂಲಗಿತ್ತಿ.

"ಎಲ್ಲಾ ಮುಗೀತು ಮೇಡಂ. ಮಗುವಿನ ಕಡೆಯೋರಿಗೆ ಕಂಪನಿ ಪರಿಹಾರ ಕೊಡುತ್ತೆ. ಅವರು ಸುಮ್ಮನಾಗ್ತಾರೆ. ನಿಮ್ಮ ಕೈಯಿಂದ ಒಂದು ಕಾಸೂ ಹೋಗಲ್ಲ. ವಿಮೆ ಮಾಡಿಸೋದೇ ಇದಕ್ಕಲ್ವಾ?"

ಅವಳು ಓದುವುದು ನಿಧಾನ. ಅಕ್ಷರದ ಕೆಳಗೆ ಬೆರಳಿಟ್ಟುಕೊಂಡೇ ಓದಬೇಕು. ಆಫೀಸರ್ ಎರಡು ಸಲ ಗಂಟಲು ಸರಿಮಾಡಿಕೊಂಡ. ಅವಳು ಅವಸರ ಮಾಡಲಿಲ್ಲ. ಬೆರಳು ಮೊದಲನೆಯ ಪುಟದ ನಡುವೆ ಬಂದು ನಿಂತಿತು. 'ಹೆರಿಗೆಯ ವೇಳೆ ನನ್ನಿಂದ ಆದ ವಿಳಂಬದ ಕಾರಣ ಮಗುವಿನ ಬಲಗೈಗೆ ಹಾನಿಯಾಗಿದೆ ಎಂದು ಒಪ್ಪಿಕೊಳ್ಳುತ್ತೇನೆ.'

"ಇದು ಸುಳ್ಳು" ಎಂದಳು.

"ಮೇಡಂ, ಇದು ಬರೀ ಪದ್ಧತಿ. ಹೀಗೇ ಬರೆಯೋದು."

"ನನ್ನ ಹೆಸರಲ್ಲಿ ಸುಳ್ಳು ಬರೆಯೋ ಪದ್ಧತಿ ಯಾವಾಗಿಂದ?"

ಆಫೀಸರ್ ಒಳ್ಳೆಯವನೇ. ಕನ್ನಡಕ ತೆಗೆದು ಒರೆಸಿಕೊಂಡು, ಮಕ್ಕಳಿಗೆ ಹೇಳುವಂತೆ ಹೇಳಿದ. ನೀವು ಆಂಬುಲೆನ್ಸಿಗೆ ಫೋನ್ ಮಾಡಿದ್ದು ನಾಲ್ಕು ಗಂಟೆ ಹನ್ನೊಂದು ನಿಮಿಷಕ್ಕೆ. ಅದು ಅವರ ಕಂಪ್ಯೂಟರಿನಲ್ಲಿದೆ. ಮಗುವಿನ ತಲೆ ಬಂದು ಭುಜ ಸಿಕ್ಕಿಕೊಂಡಿತು ಅಂತ ಆಗಲೇ ಹೇಳಿದ್ದೀರಿ. ಮಗು ಹೊರಗೆ ಬಂದದ್ದು ನಾಲ್ಕು ಇಪ್ಪತ್ತಮೂರಕ್ಕೆ. ಅದು ನಿಮ್ಮ ಪುಸ್ತಕದಲ್ಲೇ ಇದೆ, ನಿಮ್ಮದೇ ಅಕ್ಷರ. ಹನ್ನೆರಡು ನಿಮಿಷ. ಯಾವ ಡಾಕ್ಟರನ್ನು ಕೇಳಿದರೂ ಹನ್ನೆರಡು ನಿಮಿಷ ಬಹಳ ಹೆಚ್ಚು ಅಂತಾರೆ.

"ಹನ್ನೆರಡು ನಿಮಿಷ ಆಗಿದ್ದಿದ್ರೆ ಆ ಕೂಸು ಕೈ ಆಡಿಸ್ತಿಲ್ಲ ಅಂತ ಅಳೋಕೆ ಯಾರೂ ಇರ್ತಿರಲಿಲ್ಲ ಸ್ವಾಮಿ. ಕೂಸೇ ಇರ್ತಿರಲಿಲ್ಲ. ಎರಡು ನಿಮಿಷ. ನಾನು ಎಣಿಸಿದೀನಿ. ನೂರಾ ಹದಿನೆಂಟು."

"ಎಲ್ಲಿ ಬರೆದಿದೀರಿ?"

"ನನ್ನ ಎರಡೂ ಕೈ ಅಲ್ಲಿದ್ವು. ಯಾವ ಕೈಲಿ ಬರೀಲಿ?"

"ಬರೆಯದೆ ಇದ್ದದ್ದು ನಡೆದೇ ಇಲ್ಲ ಮೇಡಂ. ನಮ್ಮ ಕಡೆ ಲೆಕ್ಕ ಹಾಗೆ." ಅವನು ಕಾಗದವನ್ನು ಮಡಿಸಿ ಲಕೋಟೆಗೆ ಹಾಕಿ ಕೊಟ್ಟ. "ಮುಂದಿನ ಶುಕ್ರವಾರ ಹತ್ತು ಗಂಟೆಗೆ ಬನ್ನಿ. ಅದರ ಮುಂದಿನ ವಾರ ಸೂಲಗಿತ್ತಿಯರ ಮಂಡಳಿ ಮುಂದೆ ವಿಚಾರಣೆ ಇದೆ. ಅಷ್ಟರೊಳಗೆ ಸಹಿ ಹಾಕಿಬಿಡಿ."

"ಹಾಕಿದ್ರೆ ಮಂಡಳಿಯೋರು ನನ್ನ ಪರವಾನಗಿ ಇಟ್ಟುಕೊಳ್ಳೋಕೆ ಬಿಡ್ತಾರಾ?"

ಆಫೀಸರ್ ಕನ್ನಡಕ ಹಾಕಿಕೊಂಡ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಒಂದು ಮಾತು ಹೇಳಿದ: "ಅದು ಅವರಿಗೆ ಬಿಟ್ಟದ್ದು."

ಲಕೋಟೆಯನ್ನು ಚೀಲಕ್ಕೆ ತುರುಕಿ ಅವಳು ಎದ್ದಳು. ಐವತ್ತೆಂಟು ವರ್ಷ ಅವಳಿಗೆ. ಪರವಾನಗಿ ಹೋದರೆ ಮಾಡಲು ಬೇರೆ ಕೆಲಸವೂ ಗೊತ್ತಿಲ್ಲ, ಹೋಗಲು ಬೇರೆ ಮನೆಯೂ ಇಲ್ಲ. ಅವಳ ಮನೆಯೇ ಹೆರಿಗೆ ಮನೆ.

*

ಓದಿದ್ದು ಏಳನೆಯ ತರಗತಿ. ಆಮೇಲೆ ಹಿರಿಯ ಸೂಲಗಿತ್ತಿಯೊಬ್ಬಳ ಕೈಕೆಳಗೆ ಎಂಟು ವರ್ಷ ಬಿಸಿನೀರು ಕಾಯಿಸಿ, ಬಟ್ಟೆ ಕುದಿಸಿ, ಬೈಗುಳ ತಿಂದು ಕಲಿತಳು. ಮಂಡಳಿಯ ಪರೀಕ್ಷೆ ಮೂರನೆಯ ಸಲಕ್ಕೆ ಪಾಸಾಯಿತು. ಮೊದಲೆರಡು ಸಲ ಅವಳು ಫೇಲಾದದ್ದು ಓದು ಬರದೆ ಅಲ್ಲ. ಪರೀಕ್ಷೆಗೆ ತಡವಾಗಿ ಹೋಗಿ. ಜಗತ್ತಿನ ಎಲ್ಲ ಕೂಸುಗಳನ್ನೂ ಹೊತ್ತಿಗೆ ಸರಿಯಾಗಿ ಹಿಡಿದವಳು, ತಾನು ಒಂದು ದಿನವೂ ಹೊತ್ತಿಗೆ ಸರಿಯಾಗಿ ಮನೆ ಬಿಟ್ಟವಳಲ್ಲ.

ಗಂಡ ಬಸ್ ಡ್ರೈವರ್. ಅವನದು ಇದರ ತದ್ವಿರುದ್ಧ. ಒಂದು ನಿಮಿಷ ತಡವಾದರೆ ಸ್ಟಾಪಿನಲ್ಲಿ ನಿಂತವರ ಮುಖ ನೋಡಲು ನಾಚಿಕೆ ಪಡುವ ಮನುಷ್ಯ. ನಿವೃತ್ತನಾದ ಮೇಲೆ ಸ್ಟೀರಿಂಗ್ ಬಿಟ್ಟು ಪೆನ್ನು ಹಿಡಿದ. ಮುಂದಿನ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು, ಮೊಣಕಾಲ ಮೇಲೆ ಹೆರಿಗೆ ಪುಸ್ತಕ ಇಟ್ಟುಕೊಂಡು ಕೂರುತ್ತಿದ್ದ. ನಡುವೆ ಬಾಗಿಲು ಮುಚ್ಚಿರುತ್ತಿತ್ತು. ಒಳಗಿನಿಂದ ಅವಳು ಕೂಗುತ್ತಿದ್ದಳು: "ನೀರೊಡೀತು!" ಹೊರಗಿನಿಂದ ಅವನು ಕೈಗಡಿಯಾರ ನೋಡಿ ಕೂಗುತ್ತಿದ್ದ: "ಬರ್ದೆ!" "ತಲೆ ಕಾಣ್ತು!" "ಬರ್ದೆ!" "ಬಂತು!" "ಬರ್ದೆ! ಏನು ಮಗು?" ಹದಿಮೂರು ವರ್ಷ ಹೀಗೆ ನಡೆಯಿತು. ಬಸ್ಸಿನಲ್ಲಿ ಕಂಡಕ್ಟರ್ ರೈಟ್ ಅನ್ನುವ ಹಾಗೆ, ಎಂದು ಹೆರಿಗೆಗೆ ಬಂದ ಹೆಂಗಸರು ನೋವಿನಲ್ಲೂ ನಗುತ್ತಿದ್ದರು.

ಏಳು ತಿಂಗಳ ಹಿಂದೆ ಒಂದು ಮಧ್ಯಾಹ್ನ ಒಳಗೆ ಹೆಣ್ಣುಮಗು ಹುಟ್ಟಿತು. "ಬಂತು!" ಎಂದು ಕೂಗಿದಳು. ಹೊರಗಿನಿಂದ ಉತ್ತರವಿಲ್ಲ.

"ರೀ, ಬಂತು!"

ಮತ್ತೆ ಉತ್ತರವಿಲ್ಲ. ಅವಳಿಗೆ ಆಗಲೇ ತಿಳಿಯಿತು. ಆದರೆ ಬಾಣಂತಿಗೆ, ಮಗುವಿನ ಹಿಂದೆ ಬರುವ ಕಸ ಇನ್ನೂ ಬಿದ್ದಿರಲಿಲ್ಲ. ಕಸ ಬೀಳದೆ ಸೂಲಗಿತ್ತಿ ಎದ್ದು ಹೋಗುವ ಹಾಗಿಲ್ಲ. ಇಪ್ಪತ್ತು ನಿಮಿಷ ಕುಳಿತಳು. ಕಸ ಬಿತ್ತು. ಹೊಟ್ಟೆ ಒತ್ತಿ ನೋಡಿದಳು, ಗಟ್ಟಿಯಾಗಿತ್ತು. ಮಗುವನ್ನು ಎದೆಗೆ ಹಚ್ಚಿದಳು. ಕೈ ತೊಳೆದಳು. ಆಮೇಲೆ ಬಾಗಿಲು ತೆಗೆದಳು.

ಕುರ್ಚಿಯಲ್ಲಿ ಕುಳಿತಲ್ಲೇ ಹೋಗಿದ್ದ. ಪೆನ್ನಿನ ಮುಚ್ಚಳ ತೆಗೆದಿತ್ತು.

ಹದಿನಾರನೆಯ ದಿನ ಮತ್ತೊಂದು ಹೆರಿಗೆ ಬಂತು. ಹೊಟ್ಟೆಯಲ್ಲಿರುವ ಕೂಸಿಗೆ ಯಾರ ಮನೆಯ ಸಾವೂ ಗೊತ್ತಿರುವುದಿಲ್ಲ. ಇನ್ನು ಮುಂದೆ ಹೊತ್ತು ನೋಡುವವಳೂ ತಾನೇ, ಬರೆಯುವವಳೂ ತಾನೇ. ಮುಂದಿನ ಕೋಣೆಯ ಗೋಡೆ ಗಡಿಯಾರವನ್ನು ಕಳಚಿ, ಹೆರಿಗೆ ಕೋಣೆಯಲ್ಲಿ ಮಂಚದ ಎದುರಿಗೆ ಮೊಳೆ ಹೊಡೆದು ನೇತುಹಾಕಿದಳು. ಗಂಡನ ಕೈಗಡಿಯಾರವನ್ನು ಮುಟ್ಟಲು ಆಗಲಿಲ್ಲ. ಕಪಾಟಿನಲ್ಲಿಟ್ಟು ಬಾಗಿಲು ಹಾಕಿದಳು.

*

ಪೇಂಟರನ ಹೆಂಡತಿ ಬಂದದ್ದು ಅದಾದ ಮೂರನೆಯ ತಿಂಗಳು. ಇಸ್ತ್ರಿ ಅಂಗಡಿಯಲ್ಲಿ ಕೆಲಸ ಮಾಡುವ ಗಟ್ಟಿ ಹೆಂಗಸು. ಅಂಗಡಿಯಿಂದ ನೇರ ನಡೆದುಕೊಂಡೇ ಬಂದಿದ್ದಳು. ನಾಲ್ಕು ಗಂಟೆಯವರೆಗೆ ಎಲ್ಲ ನೆಟ್ಟಗಿತ್ತು. ತಲೆ ಬಂತು. ಬಂದದ್ದು, ಆಮೆ ಕತ್ತು ಎಳೆದುಕೊಂಡ ಹಾಗೆ ಹಿಂದಕ್ಕೆ ಸರಿಯಿತು.

ಭುಜ ಮೂಳೆಗೆ ಸಿಕ್ಕಿದೆ ಎಂದು ಅದರ ಅರ್ಥ. ಮೂವತ್ತು ವರ್ಷದಲ್ಲಿ ಅವಳು ಅದನ್ನು ನೋಡಿದ್ದು ಹನ್ನೊಂದು ಸಲ. ಮೊದಲು ಫೋನ್, ಆಮೇಲೆ ಕೈ, ಅದು ನಿಯಮ. ಮೇಜಿನ ಮೇಲಿದ್ದ ಫೋನನ್ನು ಮೊಣಕೈಯಿಂದ ಒತ್ತಿ, ಆಂಬುಲೆನ್ಸ್ ಕಳಿಸಿ, ಭುಜ ಸಿಕ್ಕಿದೆ ಎಂದು ಕೂಗಿದಳು. ಆ ಕ್ಷಣದಿಂದ ಜೋರಾಗಿ ಎಣಿಸತೊಡಗಿದಳು. ಇದು ಅವಳ ಗುರು ಕಲಿಸಿದ ಅಭ್ಯಾಸ. ಹೆದರಿದಾಗ ಒಂದು ನಿಮಿಷ ಒಂದು ಗಂಟೆಯ ಹಾಗೆ ಇರುತ್ತದೆ, ಎಣಿಸಿದರೆ ಕೈ ನಡುಗುವುದಿಲ್ಲ. "ಒಂದು, ಎರಡು, ತಾಯೀ ತಿರುಗು, ಮೊಣಕಾಲೂರು, ಏಳು, ಎಂಟು..." ಎಪ್ಪತ್ತಕ್ಕೆ ಕೈ ಒಳಗೆ ಹೋಗಿತ್ತು. ತೊಂಬತ್ತಕ್ಕೆ ಹಿಂದಿನ ತೋಳು ಬೆರಳಿಗೆ ಸಿಕ್ಕಿತು. ನೂರಾ ಹದಿನೆಂಟಕ್ಕೆ ಮಗು ಜಾರಿ ಅವಳ ಮಡಿಲಿಗೆ ಬಿತ್ತು. ಗೋಡೆ ನೋಡಿದಳು. ನಾಲ್ಕು ಇಪ್ಪತ್ತಮೂರು. ಕೈ ಒರೆಸಿಕೊಂಡು ಬರೆದಳು.

ಮಗು ಅತ್ತಿತು. ಕಾಲು ಒದೆಯಿತು. ಎಡಗೈ ಆಡಿತು. ಬಲಗೈ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಭುಜ ಸಿಕ್ಕಿದ ಮಕ್ಕಳಲ್ಲಿ ಹೀಗಾಗುವುದುಂಟು. ಎಷ್ಟು ಬೇಗ ತೆಗೆದರೂ ಕುತ್ತಿಗೆಯ ನರ ಜಗ್ಗಿಬಿಡುತ್ತದೆ. ಬಹಳಷ್ಟು ಕೈಗಳು ತಿಂಗಳುಗಟ್ಟಲೆ ಆರೈಕೆ ಮಾಡಿದರೆ ಸರಿಹೋಗುತ್ತವೆ.

ತಿಂಗಳುಗಟ್ಟಲೆ ಆರೈಕೆ ಅಂದರೆ ಖರ್ಚು. ಪೇಂಟರನಿಗೆ ಯಾರೋ ಬುದ್ಧಿ ಹೇಳಿಕೊಟ್ಟರು. ದೂರು ಕೊಡು, ಸೂಲಗಿತ್ತಿಗೆ ವಿಮೆ ಇದೆ. ದೂರು ಕೊಡುವ ಹಿಂದಿನ ದಿನ ಅವನೇ ಬಂದು ಬಾಗಿಲಲ್ಲಿ ನಿಂತಿದ್ದ. "ಅಕ್ಕ, ನಿಮ್ಮ ಮೇಲೆ ಸಿಟ್ಟಿಲ್ಲ. ನೀವು ಕೊಡೋದಲ್ವಲ್ಲ, ಕಂಪನಿ ಕೊಡೋದು. ನಿಮಗೇನು ನಷ್ಟ?"

ನನಗೇನು ನಷ್ಟ ಅಂತ ಅವನಿಗೆ ಹೇಳಲು ಆಗ ಅವಳಿಗೂ ಗೊತ್ತಿರಲಿಲ್ಲ.

*

ಲಕೋಟೆ ತಂದ ದಿನ ಮಹಡಿಯಿಂದ ನಾದಿನಿ ಇಳಿದು ಬಂದಳು. ಗಂಡನ ತಂಗಿ, ದರ್ಜಿ. ಬಾಯಲ್ಲಿ ಯಾವಾಗಲೂ ಎರಡು ಗುಂಡುಪಿನ್ನು, ಅದರ ನಡುವಿನಿಂದ ಮಾತು.

"ಅತ್ತಿಗೆ, ಮುಖ ಯಾಕೆ ಹುಳ್ಳಗಿದೆ? ಕಂಪನಿಯೋನು ಕಾಫಿನೂ ಕೊಡಲಿಲ್ವಾ?"

"ಕಾಫಿ ಕೊಟ್ಟ. ಜೊತೆಗೆ ಇದನ್ನೂ ಕೊಟ್ಟ."

ನಾದಿನಿ ಓದಿದಳು. ಪಿನ್ನುಗಳನ್ನು ಬಾಯಿಂದ ತೆಗೆದಳು. ಅವಳು ಪಿನ್ನು ತೆಗೆದಳೆಂದರೆ ವಿಷಯ ದೊಡ್ಡದು ಎಂದೇ.

"ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದನಂತೆ ಒಬ್ಬ. ಹಾಗಿದೆ ಇದು. ಸಹಿ ಹಾಕಬೇಡಿ."

"ಹಾಕದೆ ಇದ್ರೆ? ಅವರೇ ಕೊಟ್ಟುಬಿಡ್ತಾರೆ ಬಿಡು. ನನ್ನ ಕೇಳಬೇಕಾ?"

"ಕೇಳಬೇಕೋ ಬೇಡವೋ ನೋಡೋಣ. ಅಣ್ಣ ಆ ಪಾಲಿಸಿ ಎಲ್ಲಿಟ್ಟಿದ್ದ?"

ಪಾಲಿಸಿ ಹೆರಿಗೆ ಪುಸ್ತಕಗಳ ಕೆಳಗೇ ಇತ್ತು. ಇರುವೆಯಂಥ ಅಕ್ಷರ. ನಾದಿನಿ ಸೂಜಿಗೆ ದಾರ ಪೋಣಿಸುವ ಭೂತಗನ್ನಡಿ ತಂದು, ಹೊಲಿಗೆ ಬಿಚ್ಚುವವಳ ಹಾಗೆ ಒಂದೊಂದೇ ಸಾಲು ಬಿಚ್ಚಿದಳು. ಹತ್ತೊಂಬತ್ತನೆಯ ಕಲಮಿನ ಪಕ್ಕ ಡ್ರೈವರ್ ನೀಲಿ ಶಾಯಿಯಲ್ಲಿ ಗೀಟು ಎಳೆದಿದ್ದ. ಪಾಲಿಸಿದಾರರ ಲಿಖಿತ ಒಪ್ಪಿಗೆ ಇಲ್ಲದೆ ಕಂಪನಿ ರಾಜಿ ಮಾಡಿಕೊಳ್ಳತಕ್ಕದ್ದಲ್ಲ.

"ಇದಕ್ಕೆ ಕಂತು ಸ್ವಲ್ಪ ಜಾಸ್ತಿ ಅಂತೆ ಅತ್ತಿಗೆ. ಬೇಕಾದೋರು ಮಾತ್ರ ಹಾಕಿಸ್ಕೋತಾರೆ. ಅಣ್ಣ ಹಾಕಿಸಿದಾನೆ."

"ನನಗೆ ಹೇಳಲೇ ಇಲ್ಲ."

"ನಿಮಗೆ ಹೇಳಿದ್ರೆ ಯಾಕೆ ದಂಡ ಅಂತ ಬೈತಿದ್ರಿ. ಅದಕ್ಕೇ ಹೇಳಿಲ್ಲ."

ಅಂದರೆ ಸಹಿ ಇಲ್ಲದೆ ಅವರಿಗೆ ನಡೆಯುವುದಿಲ್ಲ. ಅದಕ್ಕೇ ಆ ಕಾಫಿ, ಮೇಡಂ ಎನ್ನುವ ಆ ಮರ್ಯಾದೆ. ಸೂಲಗಿತ್ತಿಗೆ ಎಷ್ಟೋ ದಿನದ ಮೇಲೆ ಬೆನ್ನು ನೆಟ್ಟಗಾಯಿತು. ಆದರೆ ಒಳಗೆ ಒಂದು ಮುಳ್ಳು ಮುರಿದುಕೊಂಡೇ ಇತ್ತು. ನಾಲ್ಕು ಇಪ್ಪತ್ತಮೂರು ಎಂದು ಬರೆದದ್ದು ತನ್ನ ಕೈಯೇ. ಎಣಿಸಿದ್ದು ತಪ್ಪಿತೇ? ಗಂಡ ಹೋದ ಮೇಲೆ ಎಷ್ಟೋ ಸಲ ಒಲೆಯ ಮೇಲೆ ಹಾಲಿಟ್ಟು ಮರೆತಿದ್ದಾಳೆ. ಬೀಗ ಹಾಕಿದೆನೋ ಇಲ್ಲವೋ ಎಂದು ದಾರಿಯಿಂದ ವಾಪಸು ಬಂದಿದ್ದಾಳೆ. ನೂರಾ ಹದಿನೆಂಟು ಎಂದುಕೊಂಡದ್ದು ನಿಜಕ್ಕೂ ಏಳು ನೂರು ಆಗಿದ್ದರೆ? ಸುಳ್ಳಿಗೆ ಸಹಿ ಹಾಕುವುದಿಲ್ಲ, ಸರಿ. ಅದು ಸುಳ್ಳೋ ನಿಜವೋ ತನಗೇ ಗೊತ್ತಿಲ್ಲದಿದ್ದರೆ?

ವಾರವೆಲ್ಲ ಇದೇ ಯೋಚನೆ. ಪಾತ್ರೆ ತೊಳೆಯುವಾಗ ಎಣಿಸಿದಳು. ಮೆಟ್ಟಿಲು ಹತ್ತುವಾಗ ಎಣಿಸಿದಳು. ಎಣಿಕೆ ಸರಿಯಾಗಿಯೇ ಇತ್ತು.

*

ಶುಕ್ರವಾರ ಗಡಿಯಾರ ನೋಡಿಕೊಂಡು ಮನೆ ಬಿಟ್ಟಳು. ಕಂಪನಿಯ ಶಟರು ಅರ್ಧ ಎಳೆದಿತ್ತು. ಕಾವಲುಗಾರ ಸ್ಟೂಲಿನ ಮೇಲೆ ಕೂತು ಬೂಟು ಹಾಕಿಕೊಳ್ಳುತ್ತಿದ್ದ.

"ಬನ್ನಿ ಅಮ್ಮಾ, ನೆರಳಿಗೆ ಕೂತ್ಕೊಳ್ಳಿ. ಇನ್ನೂ ಹತ್ತು ನಿಮಿಷ ಇದೆ. ಹೋದ ಸಲಾನೂ ಹೀಗೇ ಹತ್ತು ನಿಮಿಷ ಮೊದಲೇ ಬಂದ್ರಿ. ಎಲ್ಲರೂ ನಿಮ್ಮ ಹಾಗಿದ್ರೆ ನಮ್ಮ ಸಾಹೇಬ್ರು ಬದುಕ್ತಿದ್ರು."

"ನಾನಾ? ನನ್ನ ಜನ್ಮದಲ್ಲಿ ನಾನು ಮೊದಲೇ ಹೋಗಿಲ್ಲಪ್ಪ. ಹತ್ತು ನಿಮಿಷ ತಡ ಮಾಡೋಳು ಅಂತಲೇ ನಮ್ಮೋರು ಗಡಿಯಾರನ..."

ಮಾತು ಅಲ್ಲೇ ನಿಂತಿತು. ಅವಳು ಮೆಟ್ಟಿಲಿನ ಮೇಲೆ ಕುಳಿತುಬಿಟ್ಟಳು.

ಗಡಿಯಾರವನ್ನು ಹತ್ತು ನಿಮಿಷ ಮುಂದಕ್ಕೆ ಇಟ್ಟಿದ್ದ ಅವನು. ಮುಂದಿನ ಕೋಣೆಯಲ್ಲಿ, ಬಾಗಿಲಿನ ಪಕ್ಕ, ಅವಳು ಹೊರಡುವಾಗ ಕಣ್ಣಿಗೆ ಬೀಳುವ ಹಾಗೆ. ಎಷ್ಟು ವರ್ಷದ ಮಾತು! ಮೊದಲು ಬೈದಿದ್ದಳು, ಆಮೇಲೆ ನಕ್ಕಿದ್ದಳು, ಆಮೇಲೆ ಮರೆತೇಬಿಟ್ಟಿದ್ದಳು. ಯಾರಾದರೂ ಬಂದವರು ಗಡಿಯಾರ ನೋಡಿ ಗಾಬರಿಯಾದರೆ, "ಹತ್ತು ಕಳೀರಿ, ಅದು ನಮ್ಮನೆಯವಳ ಗಡಿಯಾರ" ಎನ್ನುತ್ತಿದ್ದ. ಪುಸ್ತಕಕ್ಕೆ ಮಾತ್ರ ಎಂದೂ ಅದನ್ನು ನೋಡಿ ಬರೆದವನಲ್ಲ. ಕೈಗಡಿಯಾರವೇ. ಈಗ ಹತ್ತು ಕಳಿ ಎನ್ನುವವನು ಇಲ್ಲ. ಹೊರಡುವಾಗ ಬಾಗಿಲಲ್ಲಿ ಅವಳು ಮಾತಿಗೆ ನಿಲ್ಲಲು ಅವನೂ ಇಲ್ಲ, ಅದಕ್ಕೇ ತಡವೂ ಇಲ್ಲ. ಏಳು ತಿಂಗಳಿನಿಂದ ಹೋದಲ್ಲೆಲ್ಲ ಹತ್ತು ನಿಮಿಷ ಮೊದಲೇ ಹೋಗಿ ಕಾದಿದ್ದಾಳೆ. ಹೊತ್ತು ಕಳೆಯದ್ದು ದುಃಖಕ್ಕೆ ಎಂದುಕೊಂಡಿದ್ದಳು.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು.

ನಾಲ್ಕು ಇಪ್ಪತ್ತಮೂರರಲ್ಲಿ ಹತ್ತು ಕಳೆದರೆ ನಾಲ್ಕು ಹದಿಮೂರು. ಫೋನ್ ಮಾಡಿದ್ದು ನಾಲ್ಕು ಹನ್ನೊಂದು. ಎರಡು ನಿಮಿಷ. ನೂರಾ ಹದಿನೆಂಟು.

ಎಣಿಕೆ ತಪ್ಪಿರಲಿಲ್ಲ. ಅವಳು ಅಲ್ಲೇ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಕಾವಲುಗಾರ ಒಂದು ಬೂಟು ಕೈಯಲ್ಲಿ ಹಿಡಿದುಕೊಂಡೇ ನೀರು ತಂದುಕೊಟ್ಟ.

ಆಫೀಸರ್ ಎಲ್ಲ ಕೇಳಿದ. ಖುಷಿಪಡುತ್ತಾನೆ ಎಂದುಕೊಂಡಿದ್ದಳು. ಅವನು ಬೆವರಿದ.

"ಮೇಡಂ, ಒಂದು ನಿಮಿಷ. ಆ ಗಡಿಯಾರ ನೋಡಿ ಎಷ್ಟು ಹೆರಿಗೆ ಬರೆದಿದೀರಿ?"

"ಪೇಂಟರನ ಮಗು ಬಿಟ್ಟು ಒಂಬತ್ತು."

"ಒಂಬತ್ತು ದಾಖಲೆ ತಪ್ಪು! ಅದನ್ನ ಹೋಗಿ ಮಂಡಳಿ ಮುಂದೆ ಹೇಳ್ತೀರಾ? ಒಂದು ತಪ್ಪು ಅಂತ ಬಂದಿದಾರೆ, ನೀವೇ ಒಂಬತ್ತು ಸೇರಿಸಿಕೊಡ್ತೀರಾ? ಬಾಯಿ ಮುಚ್ಕೊಂಡು ಸಹಿ ಹಾಕಿ. ನಿಮ್ಮ ಒಳ್ಳೆಯದಕ್ಕೇ ಹೇಳ್ತಿದೀನಿ."

"ಮಾಡಿದ ತಪ್ಪು ಮುಚ್ಚಿಟ್ಟು, ಮಾಡದೆ ಇದ್ದ ತಪ್ಪು ಒಪ್ಕೋಬೇಕಾ?"

"ಕಂಪನಿ ಬರೋ ವರ್ಷ ನಿಮ್ಮ ಪಾಲಿಸಿ ನವೀಕರಿಸದೆ ಇರಬಹುದು. ವಿಮೆ ಇಲ್ಲದೆ ಪರವಾನಗಿ ಇಲ್ಲ. ಯೋಚನೆ ಮಾಡಿ."

ಅವಳು ಲಕೋಟೆಯನ್ನು ಮೇಜಿನ ಮೇಲಿಟ್ಟಳು. "ಹತ್ತೊಂಬತ್ತನೇ ಕಲಮು ಓದಿಕೊಳ್ಳಿ ಸ್ವಾಮಿ. ಕಣ್ಣಿಗೆ ಕಾಣದಿದ್ರೆ ನಮ್ಮ ನಾದಿನಿ ಹತ್ರ ಭೂತಗನ್ನಡಿ ಇದೆ, ಕಳಿಸ್ತೀನಿ."

*

ಆ ವಾರ ಅವಳು ಒಂಬತ್ತು ಮನೆಗೆ ಹೋದಳು. ಬೆಳಿಗ್ಗೆ ಎರಡು, ಮಧ್ಯಾಹ್ನ ಒಂದು. ಬಾಗಿಲು ತೆಗೆದ ಕೂಡಲೇ ಹೇಳಿದಳು: "ನಿಮ್ಮ ಮಗು ಹುಟ್ಟಿದ ಹೊತ್ತು ನಾನು ತಪ್ಪು ಬರೆದಿದೀನಿ. ಹತ್ತು ನಿಮಿಷ ಮೊದಲೇ ಹುಟ್ಟಿದೆ. ತಿದ್ದಿಸಿಕೊಡ್ತೀನಿ. ಆವತ್ತು ಫೋನಲ್ಲಿ ಫೋಟೋ ತೆಗೆದಿದ್ರೆ ತೋರಿಸಿ."

ಬೇಕರಿಯವನ ಹೆಂಡತಿ ಹೊಟ್ಟೆ ಹಿಡಿದು ನಕ್ಕಳು. "ನೋಡಿ ಅಕ್ಕ, ಫೋಟೋದಲ್ಲಿ ಹನ್ನೊಂದು ಐದು. ನಿಮ್ಮ ಚೀಟೀಲಿ ಹನ್ನೊಂದು ಹನ್ನೆರಡು. ಹುಟ್ಟೋಕೆ ಮೊದಲೇ ಫೋಟೋಗೆ ಕೂತಿದಾನೆ ನನ್ನ ಮಗ! ಅವರಪ್ಪನ ಹಾಗೇ, ಫೋಟೋ ಅಂದ್ರೆ ಪ್ರಾಣ." ಶಾಲೆಯ ಮೇಷ್ಟರೊಬ್ಬರು ಮಾತ್ರ ಸಿಟ್ಟಾದರು. ಹೊತ್ತು ನೋಡಲು ಬರದವರ ಕೈಗೆ ಹೆಂಡತಿಯನ್ನು ಕೊಟ್ಟೆನಲ್ಲಾ ಎಂದರು. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಅದು ಅವಳಿಗೆ ಸಲ್ಲಬೇಕಾದ ಮಾತು. ಆಮೇಲೆ ಅವರೂ ಫೋಟೋ ಕೊಟ್ಟರು. ಒಂಬತ್ತರಲ್ಲಿ ಆರು ಮಕ್ಕಳು ಹುಟ್ಟುವ ಮೊದಲೇ ಫೋಟೋ ತೆಗೆಸಿಕೊಂಡಿದ್ದವು.

ಹತ್ತನೆಯ ಮನೆ ಪೇಂಟರನದು. ಬಾಗಿಲ ಹೊರಗೆ ಬಣ್ಣದ ಡಬ್ಬಿಗಳು. ಅವಳನ್ನು ನೋಡಿ ಅವನು ಬಾಗಿಲಿಗೆ ಅಡ್ಡ ನಿಂತ.

"ಅಕ್ಕ, ನೀವು ಇಲ್ಲಿಗೆ ಬರಬಾರದು. ನಮ್ಮ ಕಡೆಯೋರು ಹೇಳಿದಾರೆ."

"ನಿನ್ನ ಹತ್ರ ಬಂದಿಲ್ಲ. ಕೂಸಿನ ಕೈ ನೋಡೋಕೆ ಬಂದೆ."

ಒಳಗಿನಿಂದ ಅವನ ಹೆಂಡತಿ ಕೂಗಿದಳು: "ಬಿಡ್ರೀ ಒಳಗೆ. ಆ ಕೈ ಹಿಡಿದು ಈಚೆ ತಂದೋರು ಅವರು."

ಮಗು ಚಾಪೆಯ ಮೇಲಿತ್ತು. ಸೂಲಗಿತ್ತಿ ಬಲಗೈ ಬೆರಳುಗಳ ನಡುವೆ ತನ್ನ ಬೆರಳಿಟ್ಟಳು. ಬೆರಳುಗಳು ಮುಚ್ಚಿಕೊಂಡವು. ಮೊಣಕೈ ಇನ್ನೂ ಏಳುತ್ತಿರಲಿಲ್ಲ. ಅವಳು ಗಡಿಯಾರದ ವಿಷಯ ಹೇಳಿದಳು. ಪೇಂಟರ್ ಗೋಡೆ ನೋಡುತ್ತ ನಿಂತ.

"ಹೊರಗೆ ಕಾಯ್ತಿದ್ದ ನನಗೆ ಗಂಟೆ ಆದ ಹಾಗಿತ್ತು" ಎಂದ.

"ನಿಮಗೆ ಹಾಗೇ ಇರುತ್ತೆ. ಹೆತ್ತೋಳು ನಾನು" ಎಂದಳು ಹೆಂಡತಿ. "ಅಕ್ಕ ಎಣಿಸ್ತಿದ್ದದ್ದು ನನ್ನ ಕಿವೀಲಿ ಈಗಲೂ ಇದೆ. ನೂರಾ ಹದಿನೆಂಟಕ್ಕೆ ನಿಂತ್ರು. ಇನ್ನೂರಕ್ಕೆ ಹೋದ್ರೆ ನಾನು ಸಾಯ್ತೀನಿ ಅಂದ್ಕೊಂಡಿದ್ದೆ, ಅದಕ್ಕೇ ನೆನಪಿದೆ. ರೀ, ನಿಮ್ಮಮ್ಮಂಗೆ ಆವತ್ತು ಮೆಸೇಜ್ ಹಾಕಿದ್ರಲ್ಲ, ತೆಗೀರಿ."

"ಅದೆಲ್ಲ ಯಾಕೆ ಈಗ..."

"ತೆಗೀರಿ ಅಂದೆ."

ಅವನು ತೆಗೆದ. 'ಗಂಡು ಮಗು. ಒಂದು ಕೈ ಆಡ್ತಿಲ್ಲ.' ಪಕ್ಕದಲ್ಲಿ ಸಣ್ಣಗೆ ಹೊತ್ತು: ನಾಲ್ಕು ಹದಿನೇಳು. ಪುಸ್ತಕದ ಪ್ರಕಾರ ಮಗು ಹುಟ್ಟಲು ಆರು ನಿಮಿಷ ಮೊದಲು.

"ಇದನ್ನ ತೋರಿಸಿದ್ರೆ ಪರಿಹಾರ ಹೋಯ್ತು" ಎಂದ ಪೇಂಟರ್. ಅವನ ದನಿ ಸಣ್ಣಗಾಗಿತ್ತು. "ಈ ಕೈಗೆ ನಾನೇನು ಮಾಡ್ಲಿ ಅಕ್ಕ?"

"ಪರಿಹಾರಕ್ಕೆ ನನ್ನನ್ನ ಕೆಟ್ಟೋಳು ಮಾಡಬೇಕಿಲ್ಲ. ದಿನಾ ಬೆಳಿಗ್ಗೆ ಕೂಸನ್ನ ನನ್ನ ಹತ್ರ ಕರ್ಕೊಂಡು ಬಾ. ವ್ಯಾಯಾಮದ ಕಡೆಯೋರು ಹೇಳಿದ್ದನ್ನೆಲ್ಲ ಬಾಣಂತಿ ನನಗೆ ತೋರಿಸ್ಲಿ, ನಾನು ಮಾಡಿಸ್ತೀನಿ. ಆಸ್ಪತ್ರೆ ಖರ್ಚಿಗೆ ಕಂಪನಿಯೋರ ಬೆನ್ನು ಬೀಳ್ತೀನಿ. ಅವರಿಗೆ ನಾನು ಇಷ್ಟು ವರ್ಷ ಕಂತು ಕಟ್ಟಿದ್ದು ಕಾಫಿ ಕುಡಿಯೋಕಲ್ಲ."

*

ಮಂಡಳಿಯ ಕೋಣೆಯಲ್ಲಿ ಉದ್ದ ಮೇಜು. ನಡುವೆ ವಯಸ್ಸಾದ ಡಾಕ್ಟರಮ್ಮ, ಅವರೇ ಅಧ್ಯಕ್ಷೆ. ಒಂದು ಕಡೆ ಕಂಪನಿಯ ಆಫೀಸರ್, ಇನ್ನೊಂದು ಕಡೆ ಪೇಂಟರ್ ಮತ್ತು ಅವನ ಹೆಂಡತಿ, ತೊಡೆಯ ಮೇಲೆ ಮಗು. ಸೂಲಗಿತ್ತಿ ದಿಂಬಿನ ಚೀಲದಿಂದ ಗಡಿಯಾರ ತೆಗೆದು ಮೇಜಿನ ಮೇಲಿಟ್ಟಳು. ಅದು ಟಿಕ್ ಟಿಕ್ ಎನ್ನುತ್ತಲೇ ಇತ್ತು.

ಡಾಕ್ಟರಮ್ಮ ತಮ್ಮ ಕೈಗಡಿಯಾರ ನೋಡಿಕೊಂಡರು. "ಹತ್ತು ನಿಮಿಷ ಮುಂದಿದೆ. ಆದರೆ ನೀವು ನಿನ್ನೆ ತಿರುಗಿಸಿಟ್ಟು ತಂದಿರಬಹುದಲ್ಲ?"

"ತಂದಿರಬಹುದು. ಅದಕ್ಕೇ ಇವನ್ನೂ ತಂದೆ." ಆರು ಫೋಟೋ, ಒಂದು ಮೆಸೇಜ್, ಎಲ್ಲ ಕಾಗದದ ಮೇಲೆ. ನಾದಿನಿ ಅವನ್ನು ಅಳತೆಯ ಕಾಗದದ ಹಾಗೆ ಅಂಚು ಸೇರಿಸಿ ಹೊಲಿದಿದ್ದಳು. "ಒಂಬತ್ತು ಮಕ್ಕಳ ಹೊತ್ತು ತಪ್ಪು ಬರೆದಿದೀನಿ. ಪೇಂಟರನ ಮಗು ಸೇರಿ ಹತ್ತು. ಅದು ನನ್ನ ತಪ್ಪು. ಅದಕ್ಕೆ ಏನು ಶಿಕ್ಷೆಯೋ ಕೊಡಿ. ಹನ್ನೆರಡು ನಿಮಿಷ ಕೂಸನ್ನ ಬಿಟ್ಟೆ ಅನ್ನೋದು ಮಾತ್ರ ನಾನು ಒಪ್ಪಲ್ಲ. ಈ ವರ್ಷವೂ ಒಪ್ಪಲ್ಲ, ಸತ್ತ ಮೇಲೂ ಒಪ್ಪಲ್ಲ."

ಆಫೀಸರ್ ಕಣ್ಣು ಮುಚ್ಚಿಕೊಂಡ.

ಡಾಕ್ಟರಮ್ಮ ಫೋಟೋಗಳನ್ನು ನೋಡಿದರು. ಮೆಸೇಜನ್ನು ಎರಡು ಸಲ ನೋಡಿದರು. ಪೇಂಟರನನ್ನು ಕೇಳಿದರು, ಇದು ನಿಮ್ಮದೇ? ಅವನು ಹೆಂಡತಿಯ ಮುಖ ನೋಡಿ, ನಮ್ಮದೇ ಎಂದ. ಆಮೇಲೆ ಅವರು ಹೆರಿಗೆ ಪುಸ್ತಕ ತಿರುವಿದರು. ಒಂದು ಸಾಲಿನ ಮೇಲೆ ಬೆರಳು ನಿಂತಿತು.

"ಇಲ್ಲಿವರೆಗೆ ಬೇರೆ ಅಕ್ಷರ. ಇಲ್ಲಿಂದ ನಿಮ್ಮದು. ಈ ಮೊದಲನೇ ಸಾಲಲ್ಲಿ 'ಅಂದಾಜು ಮೂರು ಗಂಟೆ' ಅಂತಿದೆ. ಇದೇನು?"

"ಆವತ್ತು ಯಾರೂ ಗಡಿಯಾರ ನೋಡಲಿಲ್ಲ ಅಮ್ಮ. ನಮ್ಮೋರು ಆ ಕುರ್ಚೀಲಿ ಕೂತಿದ್ದಾಗಲೇ ಹೋದ್ರು. ಗೊತ್ತಿಲ್ಲದ್ದನ್ನ ಗೊತ್ತು ಅಂತ ಹೇಗೆ ಬರೀಲಿ?"

ಡಾಕ್ಟರಮ್ಮ ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟರು.

"ಗೊತ್ತಿಲ್ಲದಾಗ ಅಂದಾಜು ಅಂತ ಬರೆಯೋರು ನನಗೆ ಹೆಚ್ಚು ಸಿಕ್ಕಿಲ್ಲ" ಎಂದರು ಡಾಕ್ಟರಮ್ಮ. ಕನ್ನಡಕದ ಮೇಲಿನಿಂದ ನೋಡಿದರು. "ವಿಳಂಬದ ಆರೋಪ ನಿಲ್ಲಲ್ಲ. ಪರವಾನಗಿ ಇರುತ್ತೆ. ದಾಖಲೆ ತಪ್ಪಿಗೆ ಎಚ್ಚರಿಕೆ ಪತ್ರ ನಿಮ್ಮ ಫೈಲಿಗೆ ಹೋಗುತ್ತೆ, ಅದು ತೆಗೆಯೋಕೆ ಬರಲ್ಲ. ಹತ್ತೂ ದಾಖಲೆ ತಿಂಗಳೊಳಗೆ ತಿದ್ದಿಸಬೇಕು. ಮೊದಲು ಹೋಗಿ ಈ ಗಡಿಯಾರ ಸರಿ ಮಾಡಿ."

"ಗಡಿಯಾರ ಸರಿ ಮಾಡಲ್ಲ ಅಮ್ಮ. ಅದು ಸರಿಯಾಗೇ ಇದೆ. ನಾನು ಹಾಕಿದ ಜಾಗ ತಪ್ಪು. ಜಾಗ ಸರಿ ಮಾಡ್ತೀನಿ."

ಪೇಂಟರನ ಹೆಂಡತಿ ಮಗುವಿನ ಮುಖಕ್ಕೆ ಮುಖ ಹುದುಗಿಸಿ ನಕ್ಕಳು.

ಸಂಜೆಯೇ ಗಡಿಯಾರ ಮುಂದಿನ ಕೋಣೆಯ ಹಳೆಯ ಮೊಳೆಗೆ ಹೋಯಿತು, ಹತ್ತು ನಿಮಿಷ ಮುಂದಾಗಿಯೇ. ಕಪಾಟು ತೆಗೆದು ಗಂಡನ ಕೈಗಡಿಯಾರ ಹೊರತೆಗೆದಳು. ಪಟ್ಟಿ ಅವಳಿಗೆ ದೊಡ್ಡದು. ನಾದಿನಿ ಎರಡು ತೂತು ಹೆಚ್ಚಿಗೆ ಹೊಡೆದುಕೊಟ್ಟಳು. ಹೆರಿಗೆಯಲ್ಲಿ ಕೈ ಮುಳುಗುತ್ತದೆ ಎಂದು ಕುಪ್ಪಸಕ್ಕೆ ತಲೆಕೆಳಗಾಗಿ ನೇತುಹಾಕುವ ಹಾಗೆ ಒಂದು ಪಿನ್ನೂ ಕೊಟ್ಟಳು, ತನ್ನ ಬಾಯಿಂದಲೇ ತೆಗೆದು.

ಕಂಪನಿಯವರು ಮಗುವಿನ ಚಿಕಿತ್ಸೆಗೆ ಕೊಡುತ್ತೇವೆ ಎನ್ನಲಿಲ್ಲ, ಕೊಡುವುದಿಲ್ಲ ಎಂದೂ ಅನ್ನಲಿಲ್ಲ. ಅವಳು ಪ್ರತಿ ಶುಕ್ರವಾರ ಹೋಗಿ ಆ ಮೆಟ್ಟಿಲಿನ ಮೇಲೆ ಕೂರತೊಡಗಿದಳು. ಐದನೆಯ ಶುಕ್ರವಾರ ಆಫೀಸರ್ ತಾನೇ ಹೊರಗೆ ಬಂದು, ಆರು ತಿಂಗಳ ಖರ್ಚಿಗೆ ಮೇಲಿನವರು ಒಪ್ಪಿದ್ದಾರೆ, ದಯವಿಟ್ಟು ಇನ್ನು ಬರಬೇಡಿ ಎಂದ. ಜೊತೆಗೆ ನವೀಕರಣದ ಅರ್ಜಿಯನ್ನೂ ಕೈಗಿತ್ತ. ಕಂತು ಏರಿತ್ತು. ಏರಲಿ ಎಂದಳು.

ಅರ್ಜಿಯ ಎಂಟನೆಯ ಪ್ರಶ್ನೆ: ಕಳೆದ ವರ್ಷದಲ್ಲಿ ವೃತ್ತಿಯಲ್ಲಿ ನಿಮ್ಮಿಂದ ಆದ ಲೋಪಗಳಿದ್ದರೆ ವಿವರಿಸಿ. ಉತ್ತರಕ್ಕೆ ಎರಡು ಗೆರೆ ಜಾಗ.

"ಇಲ್ಲ ಅಂತ ಬರೆದುಬಿಡಿ ಅತ್ತಿಗೆ" ಎಂದಳು ನಾದಿನಿ. "ಎಲ್ಲರೂ ಹಾಗೇ ಬರೆಯೋದು."

ಪೇಂಟರನ ಮಗು ಚಾಪೆಯ ಮೇಲೆ ಅಂಗಾತ ಮಲಗಿ, ಬಲಗೈಯಿಂದ ಅವಳ ಸೀರೆಯ ಅಂಚು ಹಿಡಿದು ಜಗ್ಗುತ್ತಿತ್ತು. ಮೊಣಕೈ ಅರ್ಧ ಎದ್ದಿತ್ತು. ಅವಳು ಸೀರೆ ಬಿಡಿಸಿಕೊಳ್ಳಲಿಲ್ಲ. ಅಕ್ಷರದ ಕೆಳಗೆ ಬೆರಳಿಟ್ಟುಕೊಂಡು ನಿಧಾನವಾಗಿ ಬರೆದಳು:

'ಗಡಿಯಾರವನ್ನು ತಪ್ಪು ಕೋಣೆಯಲ್ಲಿ ನೇತುಹಾಕಿದ್ದೆ. ಹತ್ತು ಮಕ್ಕಳ ಹೊತ್ತು ತಪ್ಪಾಯಿತು. ತಿದ್ದಿಸಿದ್ದೇನೆ. ಬೇರೆ ಏನೂ ಇಲ್ಲ.'

ಕೆಳಗೆ ಸಹಿ ಹಾಕಿದಳು.